ಹಿಟ್ಟಿನ ಗಿರಣಿಯ ಪುಸ್ತಕಗಳು

ನಮ್ಮ ಗ್ರಂಥಪಾಲಕರ ವಾಟ್ಸಾಪ್ ಗುಂಪಿನಲ್ಲಿ ಸೋಲಿಗೆ ಜಾಗವಿಲ್ಲ. ಬೆಳಗ್ಗೆ ಎದ್ದು ಫೋನು ತೆರೆದರೆ ಸಾಕು, ಯಾವುದೋ ಜಿಲ್ಲೆಯ ಗ್ರಂಥಪಾಲಕರೊಬ್ಬರು ರಟ್ಟಿನ ಡಬ್ಬಗಳಿಂದ ರೈಲು ಮಾಡಿ ಅದರೊಳಗೆ ಮಕ್ಕಳ ಪುಸ್ತಕ ಕೂರಿಸಿರುತ್ತಾರೆ. ಇನ್ನೊಬ್ಬರು ಕ್ಷೌರದಂಗಡಿಯಲ್ಲಿ ಕಥೆ ಪುಸ್ತಕ ತೂಗುಹಾಕಿರುತ್ತಾರೆ. ಮತ್ತೊಬ್ಬರು ಗೋಡೆಯ ಮೇಲೆ ದೊಡ್ಡ ಮರ ಬರೆಸಿ, ಕೊಂಬೆಕೊಂಬೆಗೂ ಓದುಗರ ಫೋಟೊ ಅಂಟಿಸಿರುತ್ತಾರೆ. ಕೆಳಗೆ ಕೈಮುಗಿಯುವ, ಚಪ್ಪಾಳೆ ತಟ್ಟುವ ಚಿತ್ರಗಳ ಸಾಲು. "ನಮ್ಮಲ್ಲಿ ಟ್ಯೂಬ್‌ಲೈಟು ಹೋಗಿ ತಿಂಗಳಾಯಿತು" ಎಂದು ಯಾರೂ ಬರೆಯುವುದಿಲ್ಲ. ಒಬ್ಬರು ಹಾಗೆ ಬರೆದಾಗ "ದಯವಿಟ್ಟು ಯಶಸ್ವಿ ಪ್ರಯೋಗಗಳನ್ನು ಮಾತ್ರ ಹಂಚಿಕೊಳ್ಳಿ" ಎಂಬ ಉತ್ತರ ಬಂದಿತ್ತು.

ಶಿವಮೊಗ್ಗದ ಗೋಪಾಳ ಬಡಾವಣೆಯ ಮನೆಯಿಂದ ಹೊರಟು ಭದ್ರಾವತಿ ಬಸ್ಸಿನಲ್ಲಿ ಕೂತು ನಾನು ಇವನ್ನೆಲ್ಲ ನೋಡುತ್ತಿದ್ದೆ. ನೋಡಿ ಹೊಟ್ಟೆ ಉರಿಯುತ್ತಿತ್ತು ಎನ್ನಲು ನನಗೇನೂ ನಾಚಿಕೆಯಿಲ್ಲ. ಅಲ್ಲಿನ ಉಕ್ಕಿನ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಪಕ್ಕದ ನನ್ನ ಶಾಖೆ ಎಂದರೆ ಒಂದೇ ಕೋಣೆ. ಗೋಡೆಗುಂಟ ಬೀರುಗಳು, ನಡುವೆ ಉದ್ದನೆಯ ಮೇಜು, ಎರಡು ಬದಿಗೆ ಬೆಂಚು. ಗೋಡೆಯಲ್ಲಿ ಮರ ಬರೆಸೋಣವೆಂದರೆ ಬೀರುಗಳ ನಡುವೆ ಒಂದು ಗಿಡಕ್ಕೂ ಜಾಗವಿರಲಿಲ್ಲ.

ಬೆಂಚಿನ ಮೇಲೆ ನಿವೃತ್ತ ಕಾರ್ಮಿಕರು ಕೂರುತ್ತಿದ್ದರು. ನಾನು ಬೀಗ ತೆಗೆಯುವ ಮೊದಲೇ ಜಗಲಿಯಲ್ಲಿ ಕಾದಿರುತ್ತಿದ್ದರು. ಪತ್ರಿಕೆ ಬಂದ ಕೂಡಲೇ ಅದನ್ನು ಹಾಳೆಹಾಳೆಯಾಗಿ ಬಿಡಿಸಿಬಿಡುವುದು ಅವರ ಪದ್ಧತಿ. ಒಬ್ಬರಿಗೆ ಮುಖಪುಟ, ಒಬ್ಬರಿಗೆ ಆಟದ ಸುದ್ದಿ, ಒಬ್ಬರಿಗೆ ಅಡಿಕೆ ಧಾರಣೆ. ಅವರ ಪೈಕಿ ಯಾರಿಗೂ ಒಂದು ಅಡಿಕೆ ಮರವೂ ಇರಲಿಲ್ಲ, ಆದರೂ ಧಾರಣೆ ಓದದೆ ಏಳುತ್ತಿರಲಿಲ್ಲ. ಓದಿದ ಹಾಳೆಗಳು ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಕೊನೆಗೆ ಮೂಲೆಯಲ್ಲಿ ಕೂರುವ ಹಿರಿಯರೊಬ್ಬರ ಕೈ ಸೇರುತ್ತಿದ್ದವು. ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು ಅವರು. ಪುಟಗಳನ್ನು ಸರಿಯಾಗಿ ಜೋಡಿಸಿ, ಅಂಗೈಯಿಂದ ಇಸ್ತ್ರಿ ಮಾಡಿದಂತೆ ಒತ್ತಿ ಮಡಿಸಿಡುವುದು ತಮ್ಮ ಕೆಲಸವೆಂದು ಅವರೇ ತೀರ್ಮಾನಿಸಿಕೊಂಡಿದ್ದರು. ಬೆಳಗ್ಗೆ ಬಂದರೆ ಮಧ್ಯಾಹ್ನ ಊಟಕ್ಕೆ ಹೋಗಿ, ಮತ್ತೆ ಬಂದು, ನಾನು ಬಾಗಿಲು ಹಾಕುವವರೆಗೂ ಇರುತ್ತಿದ್ದರು. ಸೋಮವಾರ ನಮಗೆ ರಜೆ. ಆ ದಿನ ಎಲ್ಲಿಗೆ ಹೋಗುತ್ತೀರಿ ಎಂದು ಒಮ್ಮೆ ಕೇಳಿದೆ.

"ರೈಲ್ವೆ ಸ್ಟೇಷನ್ನಲ್ಲಿ ಕೂತಿರ್ತೀನಿ ಮೇಡಮ್," ಎಂದರು. "ಮನೇಲಿ ಇರೋದೇ ಎರಡು ರೂಮು. ಮುಂದಿನ ರೂಮಲ್ಲಿ ಸೊಸೆ ಹೊಲಿಗೆ ಕ್ಲಾಸ್ ಮಾಡ್ತಾಳೆ. ಹೆಣ್ಣುಮಕ್ಕಳು ಅಳತೆ ತಗೊಳ್ತಾ ಇರ್ತಾರೆ, ಅಲ್ಲಿ ಗಂಡಸು ಹೋಗಿ ಕೂರಕ್ಕಾಗುತ್ತಾ? ಸೊಸೆ ಏನೂ ಅನ್ನಲ್ಲ. ಅನ್ನದೇ ಇರೋದೇ ನನಗೆ ಕಷ್ಟ."

ಗಂಡಸರು ತುಂಬಿದ ನನ್ನ ಕೋಣೆಯ ಪಾಡೂ ಅದೇ ಆಗಿತ್ತು. ಹೆಂಗಸರು ಬಾಗಿಲವರೆಗೆ ಬಂದು, ಬೆಂಚುಗಳನ್ನು ನೋಡಿ, ಏನೋ ಮರೆತವರಂತೆ ತಿರುಗಿ ಹೋಗುತ್ತಿದ್ದರು. ಅವರನ್ನು ಹೇಗೆ ಒಳಗೆ ಕರೆಯುವುದೆಂದು ತಲೆ ಕೆರೆದುಕೊಂಡು ಸಾಕಾಗಿ, ಕೊನೆಗೆ ಪುಸ್ತಕವನ್ನೇ ಹೊರಗೆ ಕಳಿಸಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ನೀರು ಈಗ ನಲ್ಲಿಯಲ್ಲಿ ಮನೆಗೇ ಬರುತ್ತದೆ, ಆದರೆ ಹಿಟ್ಟಿಗೆ ಬರಲೇಬೇಕು. ನಮ್ಮ ಕೋಣೆಯ ಹಿಂದಿನ ರಸ್ತೆಯಲ್ಲೊಂದು ಹಿಟ್ಟಿನ ಗಿರಣಿ ಇದೆ. ಅದನ್ನು ನಡೆಸುವಾಕೆ ತಮಿಳು ಮನೆಮಾತಿನ ಗಟ್ಟಿ ಗಂಟಲಿನ ಹೆಂಗಸು. ಗೋಧಿ, ರಾಗಿ, ಮೆಣಸಿನಕಾಯಿಯ ಡಬ್ಬಿಗಳನ್ನು ಸಾಲಾಗಿ ಇಟ್ಟು ಹೆಂಗಸರು ಅಲ್ಲೇ ಕಟ್ಟೆಯ ಮೇಲೆ ಕಾಯುತ್ತಾರೆ. ಒಂದು ಪೆಟ್ಟಿಗೆ ಪುಸ್ತಕ ಇಲ್ಲಿಡಲೇ ಎಂದು ಕೇಳಿದ್ದಕ್ಕೆ ಆಕೆ ಮೆಷಿನ್ನು ನಿಲ್ಲಿಸದೆಯೇ ಕೂಗಿ ಹೇಳಿದಳು: "ಇಡಿ ಮೇಡಮ್! ಓದ್ತಾ ಕೂತ್ರೆ ಒಳ್ಳೇದೇ ಅಲ್ವಾ? ಇಲ್ಲಾಂದ್ರೆ ನನ್ನ ಜೊತೆ ಮಾತಾಡ್ತಾರೆ, ಈ ಸೌಂಡಲ್ಲಿ ಕಿರುಚಿ ಕಿರುಚಿ ನನ್ನ ಗಂಟಲು ಹೋಯ್ತು!"

ಪೆಟ್ಟಿಗೆ ಒಂದೇ ವಾರದಲ್ಲಿ ಖಾಲಿಯಾಯಿತು. ನಾನು ಬೀರುವಿನಿಂದ ಬೇರೆ ಪುಸ್ತಕ ತೆಗೆದುಕೊಂಡು ಹೋಗಿ ತುಂಬಿದೆ. ಅವೂ ಹೋದವು. ಡಬ್ಬಿಯ ಜೊತೆ ಹೋದ ಪುಸ್ತಕ ಡಬ್ಬಿಯ ಜೊತೆಗೇ ವಾಪಸು ಬರುತ್ತಿತ್ತು, ಮುಂದಿನ ಭಾಗ ಇದೆಯೇ ಎಂಬ ಪ್ರಶ್ನೆಯೊಂದಿಗೆ. ಖಾರದಪುಡಿ ಮಾಡಿಸಿದ ದಿನ ಹೋದ ಕಾದಂಬರಿ ತೆರೆದರೆ ನಾಲ್ಕು ಸೀನು ಗ್ಯಾರಂಟಿ. ಬೆಂಚಿನವರು ಅದನ್ನು ಕಂಡು "ಕಥೆ ಬಹಳ ಖಾರ ಇರ್ಬೇಕು ಮೇಡಮ್" ಎಂದು ನಗುತ್ತಿದ್ದರು. ಮೂಲೆಯ ಹಿರಿಯರ ಸೊಸೆಯೂ ಗಿರಣಿಯ ಓದುಗರಲ್ಲೊಬ್ಬಳಾದಳು. ಮಾವನ ಗ್ರಂಥಾಲಯದ ಪುಸ್ತಕ ಎಂದು ಅವಳು ಬೇರೆಯವರಿಗೆ ಹೇಳುತ್ತಿದ್ದಳಂತೆ, ಅವರದೇ ಸಂಸ್ಥೆಯೋ ಎಂಬಂತೆ.

ಈ ಸಂಗತಿಯನ್ನು ಆಯನೂರಿನಲ್ಲಿ ಗ್ರಂಥಪಾಲಕಿಯಾಗಿರುವ ಗೆಳತಿಗೆ ಫೋನಿನಲ್ಲಿ ಹೇಳಿದೆ. ಅವಳು ಸುಮ್ಮನಿರುವ ಪೈಕಿಯಲ್ಲ.

"ಏ ಮಾರಾಯ್ತಿ, ಇದನ್ನ ಗ್ರೂಪಿಗೆ ಹಾಕೇ! ರಟ್ಟಿನ ರೈಲು ಬಿಟ್ಟೋರೆಲ್ಲ ಮೆರೀತಿದಾರೆ, ನಿನ್ನ ಗಿರಣಿಗೇನು ಕಡಿಮೆ?"

ಹಾಕಿದೆ. ಡಬ್ಬಿಗಳ ಸಾಲಿನ ನಡುವೆ ಪುಸ್ತಕದ ಪೆಟ್ಟಿಗೆ, ಹಿಟ್ಟು ಮೆತ್ತಿದ ಕೈಯೊಂದು ಪುಟ ತಿರುವುತ್ತಿರುವ ಫೋಟೊ. ಆಮೇಲೆ ಬಂದ ಚಪ್ಪಾಳೆಗಳಿಗೆ ಲೆಕ್ಕವಿಲ್ಲ. ಒಬ್ಬರು ಹಾಲಿನ ಡೇರಿಯಲ್ಲಿ, ಇನ್ನೊಬ್ಬರು ರೇಷನ್ ಅಂಗಡಿಯಲ್ಲಿ ಇದೇ ಪ್ರಯೋಗ ಮಾಡಿ, 'ಭದ್ರಾವತಿ ಮಾದರಿ' ಎಂದು ಬರೆದು ಫೋಟೊ ಹಾಕಿದರು. ನಾನು ಖುಷಿಯಿಂದ ಉಬ್ಬಿಹೋದೆ. ಒಂದು ಶನಿವಾರದ ಆನ್‌ಲೈನ್ ಸಭೆಯಲ್ಲಿ ನನಗೇ ಮಾತಾಡಲು ಹೇಳಿದರು. ಇಸ್ತ್ರಿ ಸೀರೆ ಉಟ್ಟು, ಬೀರುಗಳನ್ನು ಬೆನ್ನಿಗೆ ಹಾಕಿಕೊಂಡು ಕೂತು ಮಾತಾಡಿದೆ. ಬೆಂಚಿನವರು ಕೆಮ್ಮನ್ನೂ ತಡೆದುಕೊಂಡು ಪಕ್ಕದಲ್ಲಿ ಕೂತಿದ್ದರು, ಕ್ಯಾಮೆರಾದಲ್ಲಿ ಕಾಣದ ಹಾಗೆ. ಕಾಣದ ಹಾಗೆ ಕೂರಿ ಎಂದು ನಾನೇ ಹೇಳಿದ್ದೆ.

ಸಭೆಯಲ್ಲಿದ್ದ ಮೇಲಧಿಕಾರಿ ಕೊನೆಯಲ್ಲಿ ಹೇಳಿದರು: "ಗ್ರಂಥಾಲಯ ನಡೆಸೋಕೆ ಕಟ್ಟಡವೇ ಬೇಕು ಅಂತ ಇಲ್ಲ ಅನ್ನೋದನ್ನ ಈ ಮೇಡಮ್ ತೋರಿಸಿಕೊಟ್ಟಿದ್ದಾರೆ. ವೆರಿ ಗುಡ್."

ನಾನು "ಥ್ಯಾಂಕ್ಯೂ ಸರ್" ಎಂದೆ. ಮನೆಗೆ ಬರುವಾಗ ಸಿಹಿಯನ್ನೂ ಕಟ್ಟಿಸಿಕೊಂಡು ಬಂದೆ.

ಸ್ವಲ್ಪ ದಿನಕ್ಕೆ ಆದೇಶ ಬಂತು. ಗಿರಣಿಯ ಮಾದರಿ ಯಶಸ್ವಿಯಾಗಿರುವುದರಿಂದ ನಮ್ಮ ಕೋಣೆಯ ಅಗತ್ಯ ಇನ್ನು ಮುಂದೆ ಇಲ್ಲ. ಪುಸ್ತಕ, ಬೀರು, ಮೇಜು, ಬೆಂಚುಗಳೊಂದಿಗೆ ನಾನೂ ಶಿವಮೊಗ್ಗದ ಸವಳಂಗ ರಸ್ತೆಯ ಕಡೆ ಆಗುತ್ತಿರುವ ಹೊಸ ವಾಚನಾಲಯಕ್ಕೆ ಹೋಗಬೇಕು. ಪೆಟ್ಟಿಗೆಯನ್ನು ಸ್ಥಳೀಯರೇ ನಡೆಸಿಕೊಂಡು ಹೋಗುತ್ತಾರೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎನ್ನುವ ಮಾತು ಎಷ್ಟೋ ಸಲ ಆಡಿದ್ದೇನೆ. ಅವತ್ತು ಅದು ನನಗೇ ಬಂದು ತಗಲಿತು. ನನ್ನನ್ನು ಮನೆಯ ಹತ್ತಿರಕ್ಕೇ ಹಾಕಿದ್ದರು. ಪಕ್ಕದ ಮನೆಯವರು ಅದಕ್ಕೆ ಅಭಿನಂದನೆ ಬೇರೆ ಹೇಳಿದರು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಆದರೆ ಯಾರ ಮೇಲೆ ತೋರಿಸುವುದು? ನನ್ನನ್ನು ಯಾರೂ ಬೈದಿರಲಿಲ್ಲ. ಹೊಗಳಿದ್ದರು.

ಧೈರ್ಯ ಮಾಡಿ ಅಧಿಕಾರಿಗೆ ಫೋನು ಮಾಡಿದೆ. "ಸರ್, ಪೆಟ್ಟಿಗೆ ತುಂಬೋದು ಈ ಕೋಣೆಯ ಬೀರುವಿಂದ. ಬಾವಿ ಮುಚ್ಚಿದ್ರೆ ಕೊಡ ತುಂಬೋದೆಲ್ಲಿಂದ?"

"ಗಾಡಿ ವ್ಯವಸ್ಥೆ ಮಾಡೋಣ ಮೇಡಮ್."

"ದಿನಾ ಬಂದು ಕೂತು ಓದೋರು ಇದ್ದಾರೆ ಸರ್."

"ಇದ್ದಾರಾ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀವು ಯಾವತ್ತೂ ಹೇಳಲೇ ಇಲ್ಲವಲ್ಲ?"

ಸಂಜೆ ಆಯನೂರಿನ ಗೆಳತಿಯ ಹತ್ತಿರ ಗೋಳು ತೋಡಿಕೊಂಡೆ. ಅವಳು ಎಲ್ಲ ಕೇಳಿ, "ನಿನ್ನ ಬೆಂಚಿನೋರ ಫೋಟೊ ಒಂದಾದ್ರೂ ಹಾಕಿದ್ಯೇನೇ ಗ್ರೂಪಿಗೆ?" ಎಂದಳು.

"ಪೇಪರ್ ಓದೋ ಮುದುಕರ ಫೋಟೊ ಯಾರು ಹಾಕ್ತಾರೆ ಮಾರಾಯ್ತಿ? ಅದೇನು ಪ್ರಯೋಗವಾ?"

"ಮತ್ತೆ? ಮೇಲಿನೋರ ಲೆಕ್ಕದಲ್ಲಿ ನಿನ್ನ ಶಾಖೆ ಅಂದ್ರೆ ಗಿರಣಿ. ಈಗಲಾದ್ರೂ ಹಾಕು. ಸಾಹೇಬ್ರೂ ಗ್ರೂಪಲ್ಲೇ ಇದಾರಲ್ಲ."

ಮಾರನೆಯ ದಿನ ಬೆಂಚಿನವರಿಗೆ ವಿಷಯ ತಿಳಿಸಿ, ಗುಂಪಿಗೆ ಅವರ ಫೋಟೊ ಕಳಿಸುವ ಯೋಚನೆಯನ್ನೂ ಹೇಳಿದೆ. ಯಾರೂ ಕೂಗಾಡಲಿಲ್ಲ. ಕಾರ್ಖಾನೆಯ ಸದ್ದು ಅಡಗುತ್ತ ಬಂದದ್ದನ್ನು ಕಂಡವರು ಅವರು. ಬಾಗಿಲು ಮುಚ್ಚುತ್ತದೆ ಎಂಬ ಮಾತು ಅವರಿಗೆ ಹೊಸದಲ್ಲ. ಮೂಲೆಯ ಹಿರಿಯರು ಮಾತ್ರ ಕೈಯಲ್ಲಿದ್ದ ಹಾಳೆಗಳನ್ನು ಜೋಡಿಸುವುದು ನಿಲ್ಲಿಸಿ, "ಫೋಟೊ ಕಳಿಸಿದ್ರೆ ಉಳಿಯುತ್ತಾ ಮೇಡಮ್?" ಎಂದು ಕೇಳಿದರು. ನೋಡೋಣ ಎಂದೆ. "ಹಾಗಾದ್ರೆ ಇವತ್ತು ಬೇಡ, ನಾಳೆ ತೆಗೀರಿ," ಎಂದರು.

ಮರುದಿನ ಬೀಗ ತೆಗೆಯಲು ಹೋದರೆ ಜಗಲಿಯ ಮೇಲೆ ಮದುವೆಯ ದಿಬ್ಬಣವೇ ಕೂತಂತಿತ್ತು. ಎಲ್ಲರೂ ಕ್ಷೌರ ಮಾಡಿಸಿಕೊಂಡಿದ್ದರು. ಒಬ್ಬರ ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಇನ್ನೊಬ್ಬರ ಹೆಗಲಲ್ಲಿ ಜರಿ ಅಂಚಿನ ಶಲ್ಯ. ಮೂಲೆಯ ಹಿರಿಯರು ನೀಲಿ ಶರ್ಟು ಹಾಕಿದ್ದರು. ಹೊಸದು. ಸೊಸೆ ಹಿಂದಿನ ದಿನ ಸಂಜೆ ಕ್ಲಾಸು ಮುಗಿದ ಮೇಲೆ ಕೂತು ಹೊಲಿದು ಮುಗಿಸಿದ್ದಳಂತೆ. ಒಳಗೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತು, ಹಾಳೆ ಹಂಚಿಕೊಂಡು, ಉಸಿರು ಬಿಗಿಹಿಡಿದು ಓದಿದರು. ನಾನು ಫೋಟೊ ತೆಗೆದೆ.

ಕೆಳಗೆ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿದೆ. ದಯವಿಟ್ಟು ಮುಚ್ಚಬೇಡಿ ಎಂದು ಬರೆದು ಅಳಿಸಿದೆ. ಆದೇಶದ ವಿರುದ್ಧ ಎಲ್ಲರೆದುರು ಬರೆಯುವಷ್ಟು ಎದೆ ನನಗಿಲ್ಲ. "ಇದು ನಮ್ಮ ಓದುವ ಕೋಣೆ. ಇವರು ದಿನವೂ ಬರುತ್ತಾರೆ" ಎಂದಷ್ಟೇ ಬರೆದು ಕಳಿಸಿದೆ.

ಐದೇ ನಿಮಿಷಕ್ಕೆ ಚಪ್ಪಾಳೆ ಶುರುವಾಯಿತು. "ಹಿರಿಯ ನಾಗರಿಕರಿಗೆ ಒಳ್ಳೆಯ ಕಾರ್ಯಕ್ರಮ." "ಭದ್ರಾವತಿಯಿಂದ ಮತ್ತೊಂದು ಮಾದರಿ!" "ಈ ಪ್ರಯೋಗದ ಹೆಸರೇನು ಮೇಡಮ್? ನಮ್ಮಲ್ಲೂ ಮಾಡಬೇಕು." ಕೊನೆಗೆ ಅಧಿಕಾರಿಯದೂ ಬಂತು. ಎರಡು ಕೈಗಳ ಚಪ್ಪಾಳೆ, ಬೇರೇನೂ ಇಲ್ಲ. ಅದರ ಹಿಂದೆಯೇ ಬೀರು, ಬೆಂಚುಗಳನ್ನು ಒಯ್ಯುವ ಲಾರಿ ಯಾವತ್ತು ಬರುತ್ತದೆಂದು ತಿಳಿಸಲು ಕಚೇರಿಯಿಂದ ಫೋನು ಬಂತು. ಆಗಲಿ ಎಂದು ಹೇಳಿ ಇಟ್ಟೆ.

ಬೆಂಚಿನವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಂದ್ರು ಮೇಡಮ್?" ಹಿರಿಯರು ಕೇಳಿದರು.

"ಚೆನ್ನಾಗಿದೆ ಅಂದ್ರು."

"ಸಾಹೇಬ್ರೂ ನೋಡಿದ್ರಾ?"

"ನೋಡಿದ್ರು. ಚಪ್ಪಾಳೆ ಹಾಕಿದ್ರು."

ಅವರು ಉಳಿದವರ ಕಡೆ ತಿರುಗಿ, ನಾನು ಹೇಳಿರಲಿಲ್ಲವೇ ಎಂಬಂತೆ ತಲೆಯಾಡಿಸಿದರು. ಮೇಜಿನ ಮೇಲಿನ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ, ಅಂಗೈಯಿಂದ ಒತ್ತಿ ಮಡಿಸಿಟ್ಟರು. ಆಮೇಲೆ ಹೊಸ ಶರ್ಟಿನ ತೋಳು ಸರಿಮಾಡಿಕೊಳ್ಳುತ್ತ ಕೇಳಿದರು: "ನಾಳೇನೂ ಇದನ್ನೇ ಹಾಕ್ಕೊಂಡು ಬರ್ಲಾ ಮೇಡಮ್, ಇಲ್ಲ ದಿನದ್ದು ಸಾಕಾ?"

"ದಿನದ್ದೇ ಸಾಕು," ಎಂದೆ.