ಕರುಣೆಯಮ್ಮ ಬಂದರೆ ವಾರ್ಡಿಗೆಲ್ಲ ನಿದ್ದೆ

ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಲೇ ಅರ್ಧ ಆಯುಷ್ಯ ಕಳೆದ ಆ ಹೆಂಗಸನ್ನು ಚರ್ಚಿನ ಸಭೆಯವರೆಲ್ಲ ಕರುಣೆಯಮ್ಮ ಎನ್ನುತ್ತಿದ್ದರು. ಹೆಸರೇನೂ ಪುಕ್ಕಟೆ ಬಂದದ್ದಲ್ಲ. ಪ್ರತಿ ಭಾನುವಾರ ಆರಾಧನೆ ಮುಗಿಸಿ, ಊಟ ಮಾಡಿ, ಆಸ್ಪತ್ರೆಯ ಗಂಡಸರ ವಾರ್ಡಿಗೆ ಕರುಣೆ ತೋರಿಸಲು ಹೊರಡುತ್ತಿದ್ದಳು. ಅದು ಬೇಕೋ ಬೇಡವೋ ಎಂದು ರೋಗಿಗಳನ್ನು ಯಾರೂ ಕೇಳಿರಲಿಲ್ಲ. ಇಂಜೆಕ್ಷನ್ನಿಗೂ ಯಾರೂ ಕೇಳುವುದಿಲ್ಲವಲ್ಲ!

ಮೊದಲು ಸ್ಟೂಲನ್ನು ಕಿರ್ರೆಂದು ಎಳೆದು ಕೂರುವುದು. ಆಮೇಲೆ ಕಾಯಿಲೆ ಯಾವ ಪಾಪದಿಂದ ಬಂತೆಂದು ವಿಚಾರಣೆ. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಬಡಗಿಯನ್ನು, ಹತ್ತುವಾಗ ದೇವರನ್ನು ನೆನೆದಿದ್ದೆಯಾ ಎಂದು ಕೇಳಿದ್ದಳು. ಕೊನೆಗೆ ಪ್ರಾರ್ಥನೆ. ಅದರಲ್ಲಿ ರೋಗಿಯ ತಪ್ಪುಗಳೆಲ್ಲ ಒಂದೂ ಬಿಡದೆ ದೇವರಿಗೆ ವರದಿಯಾಗುತ್ತಿದ್ದವು, ಪಕ್ಕದ ಮಂಚದವನಿಗೂ ಸ್ಪಷ್ಟವಾಗಿ ಕೇಳುವ ಹಾಗೆ.

ಇತ್ತೀಚೆಗೆ ಒಂದು ವಿಶೇಷ ನಡೆಯತೊಡಗಿತ್ತು. ಅವಳು ಬಾಗಿಲಿಗೆ ಬಂದಳೋ ಇಲ್ಲವೋ, ಇಡೀ ವಾರ್ಡು ಗಾಢ ನಿದ್ದೆಗೆ ಜಾರುತ್ತಿತ್ತು. ತಾನು ಕಾಲಿಟ್ಟ ಕಡೆ ಶಾಂತಿ ಇಳಿಯುತ್ತಿದೆ ಎಂದು ಸ್ತ್ರೀಯರ ಕೂಟದಲ್ಲಿ ಬಹಳ ವಿನಯದಿಂದ ಸಾಕ್ಷಿ ಹೇಳಿದಳು. ಆ ವಿನಯ ಹಿಂದಿನ ಬೆಂಚಿನವರೆಗೂ ಕೇಳಿಸಿತು.

ನಿದ್ದೆ ಬಾರದವನು ಒಬ್ಬನೇ, ಕೊನೆಯ ಮಂಚದವನು. ಅವನು ಅವಳ ಒಡಹುಟ್ಟಿದ ತಮ್ಮ. ಕುಡಿತಕ್ಕಾಗಿ ಅಮ್ಮನ ಹೊಲಿಗೆ ಮೆಷಿನ್ ಮಾರಿದ್ದ. ಅಮ್ಮ ಆ ಕೊರಗಿನಲ್ಲೇ ಸತ್ತಳು ಎಂಬುದು ಅಕ್ಕನ ತೀರ್ಪು. ಡಾಕ್ಟರು ಬೇರೆ ಏನೋ ಹೇಳಿದ್ದರು, ಆದರೆ ಡಾಕ್ಟರಿಗೇನು ಗೊತ್ತು! ಅಂದಿನಿಂದ ತಮ್ಮನ ಜೊತೆ ಮಾತಿಲ್ಲ. ಈಗ ಅವನ ಶ್ವಾಸಕೋಶ ಕೆಟ್ಟಿತ್ತು. ಹೆಚ್ಚು ದಿನವಿಲ್ಲ, ಒಂದು ಸಲ ಮಾತಾಡಿಸಿ ಎಂದು ನರ್ಸ್ ಬೇಡಿಕೊಂಡಿದ್ದಳು. ಅವನಿಗಾಗಿ ಮನೆಯಲ್ಲೇ ಪ್ರಾರ್ಥಿಸುತ್ತಿದ್ದೇನೆ ಎಂದು ಕರುಣೆಯಮ್ಮ ಉತ್ತರಿಸಿದಳು. ಪ್ರತಿ ವಾರವೂ ಅವನ ಪಕ್ಕದ ಮಂಚದವರೆಗೆ ಬಂದು ತಿರುಗಿಬಿಡುತ್ತಿದ್ದಳು. ಅವನು ಮಾತ್ರ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಪಶ್ಚಾತ್ತಾಪವಿಲ್ಲದವನಿಗೆ ನಿದ್ದೆ ಎಲ್ಲಿಂದ ಬರಬೇಕು ಎಂದುಕೊಂಡು ಹೋಗುತ್ತಿದ್ದಳು.

ಆ ಭಾನುವಾರ ಸಭೆಪಾಲಕರ ಪ್ರಸಂಗ ಕರುಣೆಯ ಮೇಲೆಯೇ ಇತ್ತು. ಕರುಣೆಯಮ್ಮ ತಲೆದೂಗಿದ್ದೇ ತಲೆದೂಗಿದ್ದು. ಹಿಂದೆ ಕೂತ ನಾದಿನಿಗೆ ಇದೆಲ್ಲ ನಾಟುತ್ತಿದೆಯೋ ಇಲ್ಲವೋ ಎಂದು ಎರಡು ಮೂರು ಸಲ ತಿರುಗಿ ನೋಡಿದಳು. ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಎಂದಿನಂತೆ ಎಲ್ಲರೂ ನಿದ್ದೆಯಲ್ಲಿದ್ದರು. ನಿಂತಲ್ಲೇ ಪ್ರಾರ್ಥಿಸಿ ಹೊರಟವಳಿಗೆ, ಕನ್ನಡಕವನ್ನು ಬಡಗಿಯ ಮೇಜಿನ ಮೇಲೆ ಮರೆತದ್ದು ಮೆಟ್ಟಿಲಿಳಿಯುವಾಗ ನೆನಪಾಯಿತು. ವಾಪಸ್ಸು ಬಂದಳು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಒಳಗೆ ನಗು.

"ಹೋಯ್ತಾ ಕರುಣೆ? ಏಳ್ರಪ್ಪಾ," ಎನ್ನುತ್ತಿದ್ದ ಬಡಗಿ. "ನೋವಾದ್ರೂ ತಡ್ಕೋಬೋದು. ದೇವ್ರ ಹತ್ರ ನಮ್ಮ ಮೇಲೆ ಚಾಡಿ ಹೇಳ್ತಾರಲ್ಲ, ಅದನ್ನ ಹೆಂಗೆ ತಡ್ಕೊಳ್ಳೋದು?"

ಕೊನೆಯ ಮಂಚದಿಂದ ಕೆಮ್ಮಿನ ನಡುವೆ ಇನ್ನೊಂದು ದನಿ ಬಂತು. "ಹಂಗನ್ಬೇಡ್ರಪ್ಪ. ನಮ್ಮಕ್ಕ ಅವ್ಳು. ಒಂದಿನ ಇಲ್ಲೀತನಕಾನೂ ಬರ್ತಾಳೆ."

ಕರುಣೆಯಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಬಡಗಿಯ ಮಾತಿಗೆ ಸಿಟ್ಟು ಬಂದಿತ್ತು, ತಮ್ಮನ ಮಾತಿಗೆ ಅದೂ ಉಳಿಯಲಿಲ್ಲ. ಬರೀ ನಾಚಿಕೆ. ಬಂದದ್ದಾಗಲಿ ಎಂದು ಒಳಗೆ ಕಾಲಿಟ್ಟಳು. ತಕ್ಷಣ ವಾರ್ಡಿಗೆಲ್ಲ ಮತ್ತೆ ನಿದ್ದೆ. ಒಬ್ಬನಂತೂ ಅರ್ಧ ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ಗೊರಕೆ ಹೊಡೆದ.

ಕನ್ನಡಕವನ್ನು ಅಲ್ಲೇ ಬಿಟ್ಟು ಅವಳು ನೇರವಾಗಿ ಕೊನೆಯ ಮಂಚಕ್ಕೆ ಹೋದಳು. ಸ್ಟೂಲನ್ನು ಎಳೆಯಲಿಲ್ಲ, ಎತ್ತಿ ಇಟ್ಟಳು.

"ಮೆಷಿನ್ ಮಾರಿದ್ದು ತಪ್ಪಾಯ್ತು ಅಕ್ಕ," ಎಂದ ತಮ್ಮ.

ಈ ಮಾತಿಗೆ ಕೊಡಲು ಅವಳ ಬಳಿ ವರ್ಷಗಳಿಂದ ಉತ್ತರ ಸಿದ್ಧವಿತ್ತು, ಅದೂ ಪ್ರಸಂಗದಷ್ಟು ಉದ್ದ. ಹಾಳಾದ್ದು, ಬೇಕಾದಾಗ ಅದರಲ್ಲಿ ಬಾಯಿಗೆ ಬಂದದ್ದು ಮೊದಲ ಪದವೊಂದೇ.

"ತಪ್ಪೇ," ಎಂದಳು. ಅವನ ಕಾಲಿನ ಮೇಲಿನ ಹೊದಿಕೆ ಸರಿಪಡಿಸಿ, "ನಾನು ಇಷ್ಟು ದಿನ ಬರದೆ ಇದ್ದಿದ್ದು ಅದಕ್ಕಿಂತ ದೊಡ್ಡ ತಪ್ಪು ಕಣೋ."

ಅವಳು ಚೀಲಕ್ಕೆ ಕೈ ಹಾಕಿದಾಗ, ಪ್ರಾರ್ಥನೆ ಶುರುವಾಯಿತೆಂದು ಅವನು ವಿಧೇಯನಾಗಿ ಕಣ್ಣು ಮುಚ್ಚಿಕೊಂಡ. ಹೊರಬಂದದ್ದು ಸೂಜಿ ದಾರ. ಅವನ ಅಂಗಿಯ ಗುಂಡಿ ಕಿತ್ತು ಎದೆ ತೆರೆದುಕೊಂಡಿತ್ತು. ಉಪದೇಶವಿಲ್ಲದೆ ಗುಂಡಿ ಹಚ್ಚತೊಡಗಿದಳು. ಕಣ್ಣು ಮಂಜಾಗಿ ಎರಡು ಸಲ ಬೆರಳಿಗೇ ಚುಚ್ಚಿಕೊಂಡಳು. ದಾರ ಕಡಿಯುವ ಹೊತ್ತಿಗೆ ತಮ್ಮ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಒಮ್ಮೆ ಮೋಸ ಹೋದವಳಲ್ಲವೇ, ಬಗ್ಗಿ ಪರೀಕ್ಷಿಸಿದಳು. ನಾಟಕವಲ್ಲ. ಆ ವಾರ್ಡಿನಲ್ಲಿ ಅವಳೆದುರು ನಿಜವಾಗಿ ನಿದ್ದೆಹೋದ ಮೊದಲ ರೋಗಿ ಅವನೇ.

ಬಡಗಿ ಒಂದು ಕಣ್ಣು ತೆರೆದು ನೋಡುತ್ತಿದ್ದ. ಕರುಣೆಯಮ್ಮ ಮೂಗೊರೆಸಿಕೊಂಡು ಪಿಸುಗುಟ್ಟಿದಳು, "ಏಳ್ರಪ್ಪ, ನಾನೇನೂ ಮಾಡಲ್ಲ. ಬಿಸ್ಕತ್ತು ಸ್ವಲ್ಪ ಮೆಲ್ಲಗೆ ತಿನ್ನಿ. ನನ್ನ ತಮ್ಮ ಮಲಗಿದಾನೆ."