ಎಡಗೈ ಎತ್ತಿದ ಮೊಮ್ಮಗಳು

ದೊಡ್ಡ ಮೇಡಂ ಎಂದರೆ ಸಾಕು, ಊರಿನ ಮೇಷ್ಟರುಗಳು ಇವತ್ತಿಗೂ ಬೆನ್ನು ನೆಟ್ಟಗೆ ಮಾಡುತ್ತಾರೆ. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವರ ಕೈಕೆಳಗೆ ಪಳಗಿದವರೇ ಎಲ್ಲರೂ. ಪಳಗಿದರೋ, ಸುಮ್ಮನೆ ದಾಟಿಹೋದರೋ, ಆ ಮಾತು ಬೇರೆ. ಎಲ್ಲರನ್ನೂ ಪಾಸು ಮಾಡಿ ಎಂದು ಮೇಲಿನಿಂದ ಆದೇಶ ಬಂದಾಗ ಮೇಡಂ ಹಲ್ಲು ಕಚ್ಚಿಕೊಂಡು ಸಹಿ ಹಾಕಿದ್ದರು.

ಒಮ್ಮೆ ತನಿಖೆಗೆ ಸಾಹೇಬರು ಬರುವ ದಿನ, ಪಕ್ಕದ ಶಾಲೆಯ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕಾದ ಯುವಕ ಬೆವತು ನೀರಾಗಿದ್ದ. ಅವನಿಗೆ ಕಲಿಸಲು ಬರುತ್ತಿರಲಿಲ್ಲ, ಮಕ್ಕಳಿಗೆ ಲೆಕ್ಕ ಎಲ್ಲಿಂದ ಬರಬೇಕು? ಕಾಲೇಜಿನ ಮಾನ ಉಳಿಯಲಿ ಎಂದು ಮೇಡಂ ಒಂದು ಉಪಾಯ ಹೇಳಿಕೊಟ್ಟರು. ಪ್ರಶ್ನೆ ಕೇಳಿದ ಕೂಡಲೇ ಎಲ್ಲ ಮಕ್ಕಳೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಯುವಕ ಬಲಗೈಯವರನ್ನೇ ಎಬ್ಬಿಸಿದ. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. ಆ ಉಪಾಯ ಬಾಯಿಂದ ಬಾಯಿಗೆ ಹರಡಿ ಶಾಲೆ ಶಾಲೆಯಲ್ಲೂ ಬೇರು ಬಿಟ್ಟಿತು. ಮೇಡಂಗೂ ಒಳಗೊಳಗೇ ಹೆಮ್ಮೆ.

ನಿವೃತ್ತಿಯಾದ ಮೇಲೆ ಅವರು ಮಗಳ ಮನೆಗೆ ಬಂದರು. ಮೂರನೇ ಕ್ಲಾಸಿನ ಮೊಮ್ಮಗಳೆಂದರೆ ಜೀವ. ಅವಳಿಗೆ ಒಳ್ಳೆಯ ಅಂಕಗಳೇ ಬರುತ್ತಿದ್ದವು. ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರವನ್ನು ಬೋರ್ಡಿನ ಮೇಲೆ ಬರೆದುಕೊಟ್ಟರೆ ಅಂಕಕ್ಕೇನು ಬರ? ಪಾಪ, ಮಗಳಿಗೆ ಅದು ಗೊತ್ತಿರಲಿಲ್ಲ. ಇವಳು ಡಾಕ್ಟರೇ ಆಗುತ್ತಾಳೆ ಎಂದು ಕನಸು ಕಾಣುತ್ತಿದ್ದಳು.

ಒಂದು ಸಂಜೆ ಬಟಾಣಿ ಸುಲಿಯುತ್ತ ಅಜ್ಜಿ, ಹದಿನೈದು ಕಾಳಿನಲ್ಲಿ ಎಂಟು ತೆಗೆದರೆ ಎಷ್ಟು ಉಳಿಯುತ್ತದೆ ಎಂದು ಕೇಳಿದರು. ಮಗು ತಟ್ಟನೆ ಎಡಗೈ ಎತ್ತಿತು.

“ಎಡಗೈ ಯಾಕೆ ಕಂದಾ?”

“ನಂಗೆ ಗೊತ್ತಿಲ್ಲ ಅಲ್ವಾ ಅಜ್ಜಿ, ಅದಕ್ಕೆ. ಕ್ಲಾಸಲ್ಲಿ ಎಲ್ರಿಗಿಂತ ಮುಂಚೆ ಎತ್ತೋದು ನಾನೇ. ಮೇಷ್ಟ್ರು ಜಾಣೆ ಅಂತಾರೆ.”

ಮರುದಿನ ಬೆಳಗ್ಗೆಯೇ ಅಜ್ಜಿ ಶಾಲೆಗೆ ಓಡಿದರು. ಮೇಷ್ಟ್ರು ಬೇರೆ ಯಾರೂ ಅಲ್ಲ, ಅಂದು ಬೆವತು ನೀರಾಗಿದ್ದವನೇ; ಈಗ ತಲೆ ನರೆತಿತ್ತು. ಕುರ್ಚಿ ಹಾಕಿ ಕೂರಿಸಿದ. ಕಳೆಯುವ ಲೆಕ್ಕವನ್ನಾದರೂ ಮಗುವಿಗೆ ಕಲಿಸಪ್ಪ ಎಂದು ಮೇಡಂ ಅಂಗಲಾಚಿದರು.

“ನಂಗೆ ಕಳೆಯೋಕೆ ಬರುತ್ತೆ ಮೇಡಂ, ಕಲಿಸೋಕೆ ಬರಲ್ಲ,” ಎಂದು ಅವನು ತಲೆ ತಗ್ಗಿಸಿದ. “ಆವತ್ತು ನೀವು ಫೇಲ್ ಮಾಡಿದ್ರೆ, ನಿಮ್ಮನ್ನ ಬೈಕೊಂಡಾದ್ರೂ ಕಲೀತಿದ್ದೆ.”

ಬೇರೆ ಶಾಲೆಗೆ ಸೇರಿಸೋಣವೆಂದರೆ ಎಲ್ಲಿಗೆ? ಎಲ್ಲ ಕಡೆಯೂ ಇವರ ಶಿಷ್ಯರೇ. ಎಡಗೈ ಎತ್ತಿ ಬೆಳೆದ ಮಕ್ಕಳೇ ನಾಳೆ ಸೇತುವೆ ಕಟ್ಟಬೇಕು, ರೋಗಿಗೆ ಸೂಜಿ ಚುಚ್ಚಬೇಕು. ದಾರಿಯುದ್ದಕ್ಕೂ ಮೇಡಂ ಅದನ್ನೇ ಯೋಚಿಸಿದರು. ಇವಳೊಬ್ಬಳಿಗಾದರೂ ನಾನೇ ಕಲಿಸುತ್ತೇನೆ ಎಂದು ತಮಗೆ ತಾವೇ ಧೈರ್ಯ ಹೇಳಿಕೊಂಡರು.

ಸಂಜೆ ಮಗುವನ್ನು ಎದುರಿಗೆ ಕೂರಿಸಿ ಕಾಳು ಹರಡಿದರು. ಮುಟ್ಟಿ ಎಣಿಸು ಎಂದು ಮುದ್ದು ಮಾಡಿದರು, ಗದರಿದರು, ಕೊನೆಗೆ ಅತ್ತೂ ಬಿಟ್ಟರು. ಮಗು ಕಾಳಿನತ್ತ ನೋಡಲೇ ಇಲ್ಲ. ಪ್ರತಿ ಸಲವೂ ಎಡಗೈ ಎತ್ತಿ, ಅಜ್ಜಿ ಬೇರೆ ಯಾರನ್ನಾದರೂ ಕೇಳಲಿ ಎಂದು ತಾಳ್ಮೆಯಿಂದ ಕಾಯುತ್ತಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.