ಎಲ್ಲೋ ಬಿದ್ದುಹೋದ ‘ರೀ’

ಕೆಂಚವ್ವ ಕೆಲಸಕ್ಕೆ ಬರುವುದರೊಳಗೆ ಅಡುಗೆಮನೆಯ ಕಪಾಟು ಖಾಲಿ ಮಾಡಿಡಬೇಕೆಂದು ಹೆಂಡತಿಯ ಅಪ್ಪಣೆಯಾಗಿತ್ತು. ಖಾರಪುಡಿಯ ಡಬ್ಬಿ ಇಳಿಸಿದೆ, ಎರಡು ಸಲ ಸೀನಿದೆ. ಡಬ್ಬಿಯ ಕೆಳಗೆ ಹಾಸಿದ್ದ ಕಾಗದ ಕೈಗಂಟಿಕೊಂಡು ಬಂತು. ನೋಡಿದರೆ ಹಿಂದಿನ ವಿಧಾನಸಭಾ ಚುನಾವಣೆಯ ಕರಪತ್ರ. ಕೈಮುಗಿದು ನಿಂತ ಅಭ್ಯರ್ಥಿಯ ಮುಖದ ಮೇಲೆ ಡಬ್ಬಿಯ ದುಂಡನೆಯ ಗುರುತು. ಕೆಳಗೆ ದಪ್ಪ ಅಕ್ಷರದಲ್ಲಿ ‘ಎಲ್ಲರಿಗೂ ಸಮಾನ ಹಕ್ಕು, ಎಲ್ಲರಿಗೂ ಸಮಾನ ಗೌರವ’. ಆ ಸಾಲು ನನ್ನದೇ, ನಗಬೇಡಿ.

ನಿವೃತ್ತ ಕನ್ನಡ ಮಾಸ್ತರನಿಗೆ ಜಮಖಂಡಿಯಂಥ ಊರಲ್ಲಿ ಕೆಲಸಕ್ಕೇನೂ ಬರವಿಲ್ಲ. ಲಗ್ನಪತ್ರಿಕೆ ತಿದ್ದುವುದು, ಅರ್ಜಿ ಬರೆದುಕೊಡುವುದು, ಚುನಾವಣೆ ಬಂದರೆ ಕರಪತ್ರ. ಈ ಅಭ್ಯರ್ಥಿಗಳು ಬೀಳಗಿ ಕಡೆಯ ದೊಡ್ಡ ಹೊಲದವರು, ಹೆಸರು ಬೇಡ. “ವಿಚಾರ ನಂದು, ಕನ್ನಡ ನಿಮ್ದು ಸರ” ಎಂದು ಬಂದು ಕೂತರು. ಚಹಾದಂಗಡಿಯಲ್ಲಿ ಕೇರಿಯವರಿಗೆ ಬೇರೆ ಲೋಟ ಇರಬಾರದು, ಗುಡಿಯ ಬಾಗಿಲು ಎಲ್ಲರಿಗೂ ತೆರೆಯಬೇಕು, ಹೊಲದಲ್ಲಿ ಪಾಲು ಕೇಳಿದ ಹೆಣ್ಣುಮಗಳಿಗೆ ತವರು ತಪ್ಪಬಾರದು. ಬೆರಳು ಮಡಿಚಿ ಮಡಿಚಿ ಹೇಳಿದರು. ಇವರು ಇದನ್ನೆಲ್ಲ ನಿಜಕ್ಕೂ ನಂಬಿದ್ದಾರೋ, ಓಟಿಗಾಗಿ ಹೇಳುತ್ತಾರೋ? ಕುತೂಹಲ ತಡೆಯಲಾಗದೆ, ಪ್ರಚಾರಕ್ಕೆ ಕರೆದಾಗ ಜೀಪು ಹತ್ತಿಬಿಟ್ಟೆ.

ಹೋದದ್ದು ಮುಧೋಳ ಕಡೆಯ ಒಂದು ಹಳ್ಳಿಗೆ. ಅಲ್ಲಿಯ ಶಾಲೆಯಲ್ಲಿ ನಾನು ಬಹಳ ವರ್ಷ ಕಲಿಸಿದ್ದೆ. ಮೇಲಿನ ಓಣಿಯಲ್ಲಿ, ಗೌಡರ ಕಟ್ಟೆಯ ಮೇಲೆ ಕೂತಿದ್ದ ಹಿರಿಯಾಕೆಗೆ ಅಭ್ಯರ್ಥಿಗಳು ಬಾಗಿ, “ಅವ್ವಾರ, ಆರಾಮ ಅದೀರೇನ್ರಿ?” ಎಂದರು. ಅಲ್ಲಿಂದ ದಲಿತರ ಕೇರಿಗೆ ನಡೆದೆವು. ಚಾಪೆಯ ಮೇಲೆ ಕೂತು, ಕೊಟ್ಟ ಲೋಟದಲ್ಲಿ ಚಹಾ ಕುಡಿದರು. ಫೋಟೋ ತೆಗೆಯುವವ ಮುಂದೆ ಹೋದ ಮೇಲೂ ಇನ್ನರ್ಧ ಲೋಟ ಕೇಳಿ ಕುಡಿದರು. ಅದನ್ನು ನಾನು ಗಮನಿಸಿದೆ. ಚಹಾ ಕೊಟ್ಟವಳು ಯಲ್ಲವ್ವ, ಅಂಗನವಾಡಿಯಲ್ಲಿ ಅಡುಗೆ ಮಾಡಿ ತಲೆ ಬೆಳ್ಳಗಾದವಳು.

“ಏನ್ ಬೇ ಯಲ್ಲವ್ವಾ, ಏನ್ ಬೇಕ ನಿನಗ, ಹೇಳ,” ಎಂದರು ಅಭ್ಯರ್ಥಿಗಳು.

ಆಕೆ ಸೆರಗು ಸರಿಮಾಡಿಕೊಂಡಳು. “ಏನೂ ಬ್ಯಾಡ್ರಿ. ಮ್ಯಾಲಿನ ಓಣ್ಯಾಗ ನನ್ನಷ್ಟ ವಯಸ್ಸಾದ ಮುದುಕಿಗೆ ‘ಆರಾಮ ಅದೀರೇನ್ರಿ’ ಅಂದ್ರಿ. ನಳದ ಕಡೆ ನಿಂತ ಕೇಳೇನಿ. ಇಲ್ಲಿಗಿ ಬರೂದ್ರಾಗ ಆ ‘ರೀ’ ಎಲ್ಲಿ ಬಿತ್ತರಿ?”

“ತಪ್ಪ ತಿಳೀಬ್ಯಾಡ. ನಮ್ಮವ್ವಗೂ ನಾ ‘ಬೇ’ ಅಂತೀನಿ. ಪ್ರೀತಿ ಮಾತ ಅದು.”

ಅದೂ ಸುಳ್ಳಲ್ಲ. ನಮ್ಮ ಕಡೆ ಹೆತ್ತ ತಾಯಿಗೂ ಬೇ ಎನ್ನುತ್ತೇವೆ.

“ಖರೆ ಐತ್ರಿ,” ಎಂದಳು ಯಲ್ಲವ್ವ. “ಹಂಗಾರ ಮ್ಯಾಲಿನ ಓಣ್ಯಾಗೂ ಹೋಗಿ ‘ಬೇ’ ಅನ್ರಿ. ನಾ ಏನೂ ಅನ್ನೂದಿಲ್ಲ.”

ಪ್ರಚಾರ ಕೆಡಬಾರದೆಂದು ನಾನು ನಡುವೆ ಬಾಯಿ ಹಾಕಿದೆ. “ಇರ್ಲಿ ಬಿಡ ಯಲ್ಲವ್ವಾ.”

“ನೀವೂ ಹಂಗ ಅಂತೀರೇನ್ರಿ ಸರ? ನನ್ನ ಮಗಳಿಗೆ ಏಕವಚನ ಬಹುವಚನ ಕಲಿಸಿದವ್ರು ನೀವ ಅಲ್ಲೇನ್ರಿ?”

ಗೌರವಕ್ಕಾಗಿ ಒಬ್ಬರಿಗೂ ಬಹುವಚನ ಬಳಸಬೇಕೆಂದು ವರ್ಷ ವರ್ಷ ಹಲಗೆಯ ಮೇಲೆ ಬರೆದವನು ನಾನು. ಯಾವ ಒಬ್ಬರಿಗೆ ಎಂದು ಪುಸ್ತಕ ಹೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಬಹಳ ನಾಚಿಕೆಯಾಯಿತು.

ಅಭ್ಯರ್ಥಿಗಳು ಎದ್ದು ನಿಂತು ಕೈಮುಗಿದರು. “ತಪ್ಪಾತ್ರಿ ಯಲ್ಲವ್ವಾರ.”

ಅಂದಿನಿಂದ ಎಲ್ಲ ಊರಲ್ಲೂ ಎಲ್ಲರಿಗೂ ‘ರೀ’. ಕೆಲವು ಸಲ ನಾಲಗೆ ಜಾರುತ್ತಿತ್ತು, ತಿದ್ದಿಕೊಳ್ಳುತ್ತಿದ್ದರು. ಲೋಟ, ಗುಡಿ, ಪಾಲು ಎಂದಾಗ ತಲೆಯಾಡಿಸಿದ್ದ ಒಬ್ಬ ಯಜಮಾನರು ಇದನ್ನು ಕೇಳಿ ಮುಖ ಗಂಟಿಕ್ಕಿದರು. “ಅವ್ರಿಗೂ ‘ರೀ’, ನಮಗೂ ‘ರೀ’. ಹಂಗಾರ ನಮಗ ಹೆಚ್ಚಿಂದೇನ ಉಳೀತು?”

“ಏನೂ ಉಳೀಲಿಲ್ರಿ,” ಎಂದರು ಅಭ್ಯರ್ಥಿಗಳು. ನನ್ನ ಕುತೂಹಲಕ್ಕೆ ಉತ್ತರ ಸಿಕ್ಕಿದ್ದು ಅಲ್ಲಿ.

ಅವರು ಸೋತರು. ಆ ಒಂದು ಅಕ್ಷರಕ್ಕೇ ಸೋತರೆನ್ನುವಷ್ಟು ರಾಜಕೀಯ ನನಗೆ ತಿಳಿಯದು.

ಕರಪತ್ರದ ಖಾರ ಝಾಡಿಸುತ್ತ ನಿಂತಿದ್ದಾಗ ಹಿತ್ತಲ ಬಾಗಿಲ ಸಪ್ಪಳವಾಯಿತು. ಇಷ್ಟು ವರ್ಷವೂ “ಬಂದೇನ ಕೆಂಚವ್ವಾ” ಎಂದೇ ಕರೆದ ಬಾಯಿ ನನ್ನದು. ಇವತ್ತು ಗಂಟಲು ಸರಿಮಾಡಿಕೊಂಡೆ.

“ಬರ್ರಿ ಕೆಂಚವ್ವಾರ.”

ಕೆಂಚವ್ವ ಹೊಸ್ತಿಲಲ್ಲೇ ನಿಂತರು. ತಮ್ಮ ಹಿಂದೆ ಯಾರು ಬಂದಿದ್ದಾರೆಂದು ತಿರುಗಿ ನೋಡಿದರು.